ಬಯಲಿನಲ್ಲಿ ದೊರೆತ ಕಪಾಲಖಂಡ: ದಂಡುಪ್ರದೇಶದ ಸಾಕ್ಷ್ಯವೊಂದರ ವಿವೇಚನೆ

ಶಾಸನ, ನಾಣ್ಯ, ಕಡತಗಳನ್ನು ಓದುವುದು ಇತಿಹಾಸಾಧ್ಯಯನದ ಮುಖ್ಯ ಕಾರ್ಯವೆಂಬುದು ವಿದಿತವೇ ಇದೆ. ಎಲುಬನ್ನು ಓದುವ ಅಭ್ಯಾಸವು ನಮ್ಮ ಇತಿಹಾಸ ವಿಭಾಗಗಳಲ್ಲಿ ಅಷ್ಟಾಗಿ ಬೆಳೆದಿಲ್ಲ. ಆದರೂ ಬೆಂಗಳೂರಿನ ಪೂರ್ವಭಾಗದಲ್ಲಿ, ಎಂದರೆ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಸುತ್ತಿನಲ್ಲಿ, ಮನೆಯ ತಳಪಾಯಕ್ಕೆ ಅಗೆದಲ್ಲಿ, ಕೆರೆಯ ಹೂಳೆತ್ತಿದಲ್ಲಿ, ಮಳೆಯ ನೀರು ಕೊರೆದ ದಂಡೆಗಳಲ್ಲಿ ಪ್ರಾಣಿಗಳ ತಲೆಬುರುಡೆಯ ತುಣುಕುಗಳು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಇವನ್ನು ವಿಭಾಗಕ್ಕೆ ತರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುವರು: ಇದು ಯಾವ ಪ್ರಾಣಿಯದು? ಎಷ್ಟು ಹಳೆಯದು? ಮೊದಲನೆಯದಕ್ಕೆ ಉತ್ತರವು ಬಹುಮಟ್ಟಿಗೆ ಆ ತುಣುಕಿನಲ್ಲಿಯೇ ಇರುತ್ತದೆ. ಎರಡನೆಯದಕ್ಕೆ ಉತ್ತರವಿರುವುದು ಅದು ಬಿದ್ದಿದ್ದ ಮಣ್ಣಿನಲ್ಲಿ. ತುಣುಕನ್ನು ಎತ್ತಿ ಜೇಬಿಗೆ ಹಾಕಿಕೊಂಡು ಬಂದವನು ಆ ಎರಡನೆಯ ಉತ್ತರವನ್ನು ಅಲ್ಲಿಯೇ ಬಿಟ್ಟು ಬಂದಿರುತ್ತಾನೆ. ಈ ಭೇದವನ್ನು ಸ್ಪಷ್ಟಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರದೇಶದ ನೆಲದಲ್ಲಿ ಯಾವ ಯಾವ ಪ್ರಾಣಿಗಳ ಎಲುಬು ಇರಬಹುದೆಂಬುದನ್ನು ಮೊದಲು ಯೋಚಿಸುವುದು ಯುಕ್ತ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಅಲ್ಲಿ ನೆಲೆಸಿದ್ದ ಬ್ರಿಟಿಷ್ ಸೈನ್ಯವನ್ನು ಜ್ವರದ ಬಾಧೆಯ ಕಾರಣದಿಂದ ೧೮೦೯ರಲ್ಲಿ ಬೆಂಗಳೂರಿಗೆ ಸಾಗಿಸಲಾಯಿತು. ಹಲಸೂರಿನ ಪಕ್ಕದ ಎತ್ತರದ ಬಯಲು ದಂಡಾಯಿತು. ಇನ್‌ಫಂಟ್ರಿ ರಸ್ತೆ, ಈಗ ಕಾಮರಾಜ ರಸ್ತೆಯಾಗಿರುವ ಹಿಂದಿನ ಕ್ಯಾವಲ್ರಿ ರಸ್ತೆ, ಇವುಗಳ ಹೆಸರುಗಳೇ ಅಲ್ಲಿ ಯಾರು ಬೀಡುಬಿಟ್ಟಿದ್ದರೆಂಬುದನ್ನು ಹೇಳುತ್ತವೆ. ೧೮೩೪ರಿಂದ ಮದರಾಸು ಸ್ಯಾಪರ್ ದಳವೂ ಹಲಸೂರಿನ ಬಳಿ ನೆಲೆಸಿತು. ಅಶ್ವದಳಕ್ಕೆ ಆಸ್ಟ್ರೇಲಿಯದಿಂದ ಮದರಾಸು ಬಂದರಿನ ಮೂಲಕ ಬರುತ್ತಿದ್ದ ‘ವೇಲರ್’ ಕುದುರೆಗಳು, ಹೊರೆಗೆ ಹೇಸರಗತ್ತೆಗಳು, ತೋಪನ್ನೆಳೆಯಲು ಮೈಸೂರು ಸೀಮೆಯ ಎತ್ತುಗಳು ಇದ್ದವು. ಈ ಎತ್ತುಗಳ ಕೀರ್ತಿ ದಂಡಿಗಿಂತ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆಯಿತು. ಆರ್ಥರ್ ವೆಲ್ಲೆಸ್ಲಿಯ ದಂಡಯಾತ್ರೆಗಳಲ್ಲಿ ಈ ತಳಿಯ ಎತ್ತುಗಳು ಸಾಗಿದ ವೇಗವು ಪ್ರಸಿದ್ಧವಾಗಿದೆ.

ಸೈನಿಕರಿಗೆ ಮಾಂಸ ಬೇಕಾಗಿತ್ತು, ಊರಿಗೂ ಬೇಕಾಗಿತ್ತು. ಟ್ಯಾನರಿ ರಸ್ತೆಯ ಹೆಸರು ಚರ್ಮ ಹದಮಾಡುವ ಕಸುಬನ್ನು ನೆನಪಿಸುತ್ತದೆ. ಹಿಂದೆ ಬ್ಲ್ಯಾಕ್‌ಪಳ್ಳಿಯೆನಿಸಿಕೊಂಡಿದ್ದ ಶಿವಾಜಿನಗರದಲ್ಲಿ ೧೯೨೭ರಲ್ಲಿ ಕಟ್ಟಲಾದ ರಸೆಲ್ ಮಾರುಕಟ್ಟೆಯ ಸುತ್ತ ಕುರಿ, ಮೇಕೆ, ದನಗಳ ಮಾಂಸದ ವ್ಯಾಪಾರ ಇಂದಿಗೂ ನಡೆದಿದೆ. ಇನ್ನು ಜಟಕಾ ಕುದುರೆಗಳು, ಅಗಸರ ಕತ್ತೆಗಳು, ಬೀದಿನಾಯಿಗಳು. ದಂಡು ಬರುವುದಕ್ಕೆ ಮುಂಚೆಯೂ ದೊಮ್ಮಲೂರು, ಬಿನ್ನಮಂಗಲ, ಕೋಡಿಹಳ್ಳಿಗಳು ದನಕರುಗಳ ಊರುಗಳೇ ಆಗಿದ್ದವು; ಅವುಗಳ ಹೊಲಗದ್ದೆಗಳ ಮೇಲೆಯೇ ಇಂದಿನ ಇಂದಿರಾನಗರವಿದೆ. ಆದಕಾರಣ ಕುದುರೆಯ ಹಲ್ಲು ಸಿಕ್ಕಿತೆಂದ ಮಾತ್ರಕ್ಕೆ ಅದು ಅಶ್ವದಳದ ಕುದುರೆಯೆಂದಾಗಲಿ, ದನದ ಹಣೆ ಸಿಕ್ಕಿತೆಂದ ಮಾತ್ರಕ್ಕೆ ಅದು ಟಿಪ್ಪುವಿನ ತೋಪಿನ ಎತ್ತೆಂದಾಗಲಿ ಹೇಳಲಾಗದು.

ಕೈಗೆ ಬಂದದ್ದು ಎಲುಬು ಹೌದೇ ಎಂಬುದನ್ನು ಮೊದಲು ನೋಡಬೇಕು. ಇದು ಹಾಸ್ಯವಲ್ಲ. ಕೆರೆಯ ಅಂಚಿನಲ್ಲಿ ಕೊಳೆತು ಕಪ್ಪಾದ ತೆಂಗಿನ ಚಿಪ್ಪು ನೆತ್ತಿಯೆಲುಬಿನಂತೆಯೇ ಕಾಣುತ್ತದೆ. ಹಲಸೂರು ಕೆರೆಯಂತೆ ಪೂಜೆ, ವಿಸರ್ಜನೆಗಳು ನಡೆಯುವೆಡೆ ಅದಕ್ಕೆ ಕೊರತೆಯೂ ಇಲ್ಲ. ಒಡೆದ ಅಂಚನ್ನು ನೋಡಿದರೆ ಸಂಶಯ ಹೋಗುತ್ತದೆ. ಚಿಪ್ಪು ಉದ್ದಕ್ಕೂ ಒಂದೇ ವಸ್ತು. ನೆತ್ತಿಯೆಲುಬಿಗೆ ಹೊರಗೊಂದು ಒಳಗೊಂದು ಗಟ್ಟಿ ಹಲಗೆ, ನಡುವೆ ಜೇನುಗೂಡಿನಂತಹ ಪದರ. ಎಲುಬೆಂದು ತಿಳಿದ ಮೇಲೆ ಅದು ಮನುಷ್ಯನದಲ್ಲವೆಂಬುದನ್ನು ನಿಶ್ಚಯಿಸಬೇಕು. ಮನುಷ್ಯನ ನೆತ್ತಿ ದುಂಡಾಗಿ, ಒಂದೇ ಸಮನಾಗಿ ಬಾಗಿರುತ್ತದೆ. ಎಲುಬುಗಳು ಕೂಡುವ ಹೊಲಿಗೆಗಳು ಗರಗಸದ ಹಲ್ಲಿನಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ದನದ ಹಣೆಯೆಲುಬಿನ ಎರಡು ಹಲಗೆಗಳ ನಡುವೆಯಾದರೋ ಬೆರಳು ತೂರುವಷ್ಟು ದೊಡ್ಡ ಗಾಳಿಯ ಕೋಣೆಗಳಿರುತ್ತವೆ. ಮನುಷ್ಯನಲ್ಲಿ ಅಂತಹವು ಹುಬ್ಬಿನ ಮೇಲ್ಭಾಗದಲ್ಲಿ ಮಾತ್ರ, ಅದೂ ಸಣ್ಣವು. ಸಂಶಯ ಉಳಿದರೆ ತುಣುಕನ್ನು ಮುಟ್ಟದೆ ಪೊಲೀಸರಿಗೆ ತಿಳಿಸತಕ್ಕದ್ದು.

ಪ್ರಾಣಿಯನ್ನು ಗುರುತಿಸುವುದರಲ್ಲಿ ಹಲ್ಲಿಗೆ ಸಮನಾದ ಸಾಕ್ಷಿ ಬೇರೊಂದಿಲ್ಲ. ಎಲುಬಿಗಿಂತ ಅದು ಗಟ್ಟಿ. ಕಪಾಲದ ಉಳಿದೆಲ್ಲ ಭಾಗವೂ ಮಣ್ಣಾದ ಮೇಲೆಯೂ ಅದು ಉಳಿಯುತ್ತದೆ. ಹಲ್ಲಿನ ಸಂಖ್ಯೆಯನ್ನು ಪುಸ್ತಕಗಳು ಮೊದಲು ಹೇಳುತ್ತವೆ: ಹಂದಿಗೆ ೪೪, ನಾಯಿಗೆ ೪೨, ಗಂಡು ಕುದುರೆಗೆ ೪೦, ದನಕ್ಕೆ ೩೨, ಬೆಕ್ಕಿಗೆ ೩೦. ಮನುಷ್ಯನಿಗೂ ೩೨ ಇರುವುದರಿಂದ ಈ ಲೆಕ್ಕವು ಒಂದು ಕೌತುಕವೇ ಹೊರತು, ತುಣುಕು ಹಿಡಿದವನಿಗೆ ಉಪಯೋಗವಿಲ್ಲ. ಅವನ ಕೈಯಲ್ಲಿ ಇರುವುದು ಎರಡೋ ಮೂರೋ ಹಲ್ಲು. ಅವನು ನೋಡಬೇಕಾದದ್ದು ಅರೆಯುವ ಮೇಲ್ಮೈಯನ್ನು. ದನ, ಎಮ್ಮೆ, ಕುರಿ, ಮೇಕೆ, ಜಿಂಕೆ ಮೊದಲಾದ ಮೆಲುಕು ಹಾಕುವ ಪ್ರಾಣಿಗಳ ಹಿಂದವಡೆಯ ಹಲ್ಲಿನ ಮೇಲೆ ಎನಾಮಲಿನ ರೇಖೆಗಳು ಅರ್ಧಚಂದ್ರಾಕೃತಿಯಲ್ಲಿ ಜೋಡಿಜೋಡಿಯಾಗಿ ಕಾಣುತ್ತವೆ. ಕುದುರೆಯ ಹಲ್ಲೂ ಎತ್ತರವಾದದ್ದೇ, ಆದರೆ ಅದರ ಮೇಲ್ಮೈಯಲ್ಲಿ ಎನಾಮಲು ಚಂದ್ರರೇಖೆಯಂತೆ ಸರಳವಾಗಿರದೆ ನೆರಿಗೆ ಹಿಡಿದ ಸೀರೆಯ ಅಂಚಿನಂತೆ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡಿರುತ್ತದೆ. ಮೇಲ್ದವಡೆಯ ಹಲ್ಲಿನ ಅಡ್ಡಗೊಯ್ತವು ಹೆಚ್ಚುಕಡಮೆ ಚೌಕ. ಹಂದಿಯ ಹಲ್ಲು ತಗ್ಗು, ಮೇಲೆಲ್ಲ ಗುಬ್ಬಿಗಳು. ನಾಯಿ, ನರಿ, ಬೆಕ್ಕುಗಳದು ಕತ್ತರಿಯಂತೆ ಕೊಯ್ಯುವ ಅಲಗು.

ಮೆಲುಕು ಹಾಕುವವುಗಳಲ್ಲಿಯೇ ಮತ್ತೊಂದು ಗುರುತುಂಟು. ದನ ಮತ್ತು ಎಮ್ಮೆಯ ಮೇಲ್ದವಡೆಯ ಹಿಂದಿನ ಹಲ್ಲುಗಳಲ್ಲಿ, ನಾಲಗೆಯ ಕಡೆಗೆ, ಎರಡು ಹಾಲೆಗಳ ನಡುವೆ ಒಂದು ಸಣ್ಣ ಕಂಬವು ನಿಂತಿರುತ್ತದೆ. ಹಲ್ಲು ಸವೆದಾಗ ಅದು ಮೇಲ್ಮೈಯಲ್ಲಿ ಒಂದು ಪುಟ್ಟ ಉಂಗುರವಾಗಿ ಕಾಣುತ್ತದೆ. ಕುರಿ ಮೇಕೆಗಳಲ್ಲಿ ಇದಿಲ್ಲ. ಗಾತ್ರದ ವ್ಯತ್ಯಾಸವಂತೂ ಕಣ್ಣಿಗೇ ತೋರುತ್ತದೆ. ಆದರೆ ದನ ಮತ್ತು ಎಮ್ಮೆಗಳ ಬಿಡಿಹಲ್ಲನ್ನು ಪ್ರತ್ಯೇಕಿಸುವುದು ಅನುಭವಿಗಳಿಗೂ ಕಷ್ಟ. ಕುದುರೆ ಕತ್ತೆಗಳ ಭೇದಕ್ಕೆ ಕೆಳದವಡೆಯ ಹಲ್ಲು ಬೇಕು: ನಾಲಗೆಯ ಕಡೆಯ ಕಣಿವೆಯು ಕುದುರೆಯಲ್ಲಿ ತೊಟ್ಟಿಲಿನಂತೆ ದುಂಡು, ಕತ್ತೆಯಲ್ಲಿ ಚೂಪು. ಹೇಸರಗತ್ತೆಯು ಹೆಸರಿಗೆ ತಕ್ಕಂತೆ ಇಲ್ಲಿಯೂ ನಡುವೆಯೇ ನಿಲ್ಲುತ್ತದೆ.

ಮುಂಬಾಯಿಯ ಎಲುಬು ಸಿಕ್ಕಿದರೆ ನಿರ್ಣಯ ಇನ್ನೂ ಸುಲಭ. ದನ, ಕುರಿ, ಮೇಕೆಗಳಿಗೆ ಮೇಲಿನ ಬಾಚಿಹಲ್ಲೇ ಇಲ್ಲ. ಅಲ್ಲಿಯ ಎಲುಬು ತೆಳ್ಳಗೆ, ಹಲ್ಲಿನ ಗುಳಿಯಿಲ್ಲದೆ ಇರುತ್ತದೆ. ಕುದುರೆಗೆ ಮೇಲೆ ಆರು, ಕೆಳಗೆ ಆರು. ಈ ಸಂಗತಿ ನಮ್ಮ ರೈತರಿಗೆ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ತುಟಿಯನ್ನು ಬಿಡಿಸಿ ಕೆಳಗಿನ ಬಾಚಿಹಲ್ಲನ್ನು ಎಣಿಸುವವರು ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಪ್ರಾಯವನ್ನು ಹೇಳಿಬಿಡುತ್ತಾರೆ. ಸುಮಾರು ಎರಡು ವರ್ಷಕ್ಕೆ ಮೊದಲ ಜೋಡಿ, ನಾಲ್ಕು ವರ್ಷದ ಹೊತ್ತಿಗೆ ಬಾಯಿಗೂಡುವುದು. ಪುರಾತನ ದನಗಾಹಿಗಳು ಯಾವ ಪ್ರಾಯದ ಪ್ರಾಣಿಯನ್ನು ಕೊಂದರು, ಯಾವುದನ್ನು ದುಡಿಮೆಗೆ ಉಳಿಸಿಕೊಂಡರು ಎಂಬುದನ್ನು ಪ್ರಾಣ್ಯವಶೇಷಗಳ ತಜ್ಞರು ನಿರ್ಣಯಿಸುವುದೂ ತತ್ತ್ವತಃ ಇದೇ ರೀತಿಯಿಂದ. ಜಾತ್ರೆಯ ದಲ್ಲಾಳಿಯು ಈ ಶಾಸ್ತ್ರದಲ್ಲಿ ನಮ್ಮ ಅನೇಕ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಗುರುವಾಗಬಲ್ಲನು.

ಹಲ್ಲಿಲ್ಲದ ತುಣುಕಾದರೆ ಕಣ್ಣಗೂಡನ್ನೂ ಹಣೆಯನ್ನೂ ನೋಡಬೇಕು. ಕುದುರೆ, ದನ, ಕುರಿ, ಮೇಕೆ, ಜಿಂಕೆಗಳಲ್ಲಿ ಕಣ್ಣಗೂಡಿನ ಸುತ್ತ ಎಲುಬಿನ ಬಳೆ ಪೂರ್ಣವಾಗಿರುತ್ತದೆ. ನಾಯಿ ಹಂದಿಗಳಲ್ಲಿ ಅದು ಹಿಂದುಗಡೆ ತೆರೆದಿರುತ್ತದೆ. ದನದಲ್ಲಿ ಹಣೆಯೆಲುಬೇ ಹಿಂದಕ್ಕೆ ಬೆಳೆದು ತಲೆಯ ಮೇಲ್ಭಾಗವನ್ನೆಲ್ಲ ಮುಚ್ಚುತ್ತದೆ. ಕೊಂಬುಗಳು ಅದರ ಕಟ್ಟಕಡೆಯ ಅಂಚಿನಿಂದ ಹೊರಡುತ್ತವೆ. ಕುರಿ ಮೇಕೆಗಳ ಕೊಂಬು ಕಣ್ಣಿಗೆ ಸಮೀಪ. ಎಮ್ಮೆಯ ಹಣೆ ಉಬ್ಬು, ಕೊಂಬಿನೊಳಗಣ ಎಲುಬು ಮೂರು ಮೂಲೆಯದು. ದನದ್ದು ದುಂಡು ಅಥವಾ ಮೊಟ್ಟೆಯಾಕಾರ. ಜಿಂಕೆಯ ಕೊಂಬು ಬೇರೆಯೇ ಜಾತಿ: ಒಳಗೆ ಟೊಳ್ಳಿಲ್ಲ, ಕಾಲಕಾಲಕ್ಕೆ ಉದುರಿ ಬೆಳೆಯುತ್ತದೆ. ಹಳ್ಳಿಕಾರ್, ಅಮೃತಮಹಲ್ ತಳಿಗಳಲ್ಲಿ ಎರಡು ಕೊಂಬುಗಳೂ ನೆತ್ತಿಯ ಮೇಲೆ ಒಂದಕ್ಕೊಂದು ತೀರ ಹತ್ತಿರದಲ್ಲಿ ಹುಟ್ಟಿ ಹಿಂದಕ್ಕೆ ಸಾಗಿ ಮೇಲೇಳುತ್ತವೆ. ಆದುದರಿಂದ ಎರಡೂ ಬುಡಗಳು ಉಳಿದಿರುವ ಹಣೆಯ ತುಣುಕೊಂದು ಸಿಕ್ಕಿದಲ್ಲಿ, ಇದು ಮೈಸೂರು ಸೀಮೆಯ ಕೊಂಬಿನ ಮಾದರಿಯೆಂದು ಹೇಳುವ ಧೈರ್ಯ ಮಾಡಬಹುದು. ಅದಕ್ಕಿಂತ ಮುಂದೆ ಹೋಗಿ ಹಳ್ಳಿಕಾರೋ ಅಮೃತಮಹಲೋ ಎಂದು ಬೇರ್ಪಡಿಸುವುದು ಎಲುಬಿನಿಂದ ಸಾಧ್ಯವೆಂದು ನಾವು ಭಾವಿಸುವುದಿಲ್ಲ.

ಕುರಿಗೂ ಮೇಕೆಗೂ ಇರುವ ಭೇದವು ಈ ಶಾಸ್ತ್ರದ ಹಳೆಯ ತಲೆನೋವು. ಬೋಸ್ನೆಕ್, ಮ್ಯುಲ್ಲರ್, ಟೈಖೆರ್ಟ್ ಎಂಬ ಜರ್ಮನ್ ವಿದ್ವಾಂಸರು ೧೯೬೪ರಲ್ಲಿ ಇದಕ್ಕೆಂದೇ ದೀರ್ಘವಾದ ಪ್ರಬಂಧವನ್ನು ಬರೆದರು. ಕಪಾಲದ ಮಟ್ಟಿಗೆ ಒಂದು ಒಳ್ಳೆಯ ಗುರುತು ಕಣ್ಣಿನ ಮುಂದಿನ ಎಲುಬಿನಲ್ಲಿದೆ: ಕುರಿಯಲ್ಲಿ ಅಲ್ಲಿ ಬೆರಳ ತುದಿ ಕೂರುವಂತಹ ಒಂದು ತಗ್ಗು ಇರುತ್ತದೆ, ಮೇಕೆಯಲ್ಲಿ ಇರುವುದಿಲ್ಲ. ಶಿವಾಜಿನಗರದ ಸುತ್ತ ದೊರೆಯುವ ಕುರಿಯ ತಲೆಗಳಲ್ಲಿ ಹೆಚ್ಚಿನವು ನಟ್ಟನಡುವೆ ಉದ್ದಕ್ಕೆ ಸೀಳಿರುವುದನ್ನು ಕಾಣಬಹುದು. ಇದು ಮಿದುಳನ್ನು ತೆಗೆಯಲು ಕಟುಕನ ಕತ್ತಿ ಮಾಡಿದ ಸೀಳು. ಬಲಿಯ ಗುರುತೆಂದು ಇದಕ್ಕೆ ಅರ್ಥ ಹಚ್ಚುವವರು ಒಮ್ಮೆ ಬೆಳಗ್ಗೆ ಮಾರುಕಟ್ಟೆಗೆ ಹೋಗಿಬರುವುದು ಒಳ್ಳೆಯದು.

ನಾಯಿ ಹಂದಿಗಳ ವಿಷಯ ಬಂದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ನೆನಪಾಗದಿರದು. ಶಕ ೮೭೨ರ, ಎಂದರೆ ಕ್ರಿ.ಶ. ೯೪೯–೫೦ರ ಆ ಶಾಸನವು ಮಣಲೇರನ ಕಾಳಿಯೆಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯನ್ನು ಹೇಳುತ್ತದೆ. ಕಲ್ಲಿನ ಮೇಲೆ ಆ ಕಾಳಗದ ಚಿತ್ರವೂ ಇದೆ. ಒಂದು ನಾಯಿಗೆ ಹೆಸರು, ತೇದಿ, ಸ್ಥಳ, ಒಡೆಯ ಎಲ್ಲವೂ ದೊರೆತಿರುವುದು ಅಲ್ಲಿ ಅಕ್ಷರವಿರುವುದರಿಂದ. ಎಲುಬು ತಾನೇ ಇಂತಹ ಯಾವುದನ್ನೂ ಹೇಳದು. ನಾಯಿಯ ತುಣುಕನ್ನು ನರಿಯದರಿಂದ ಬೇರ್ಪಡಿಸುವುದೇ ಅನೇಕ ವೇಳೆ ದುಸ್ತರ.

ಮೇಲೆ ಹೇಳಿದ ಗುರುತುಗಳು ಬಳಕೆಗೆ ಬರುವ ಬಗೆಯನ್ನು ತೋರಿಸಲು ಒಂದು ಉದಾಹರಣೆ ಕೊಡುತ್ತೇವೆ. ಹಲಸೂರಿನ ಕಡೆ ಕಟ್ಟಡಕ್ಕಾಗಿ ಅಗೆದು ರಾಶಿ ಹಾಕಿದ್ದ ಮಣ್ಣಿನಿಂದ ವಿದ್ಯಾರ್ಥಿಯೊಬ್ಬನು ಅಂಗೈಯಗಲದ ಒಂದು ತುಣುಕನ್ನು ತಂದನು: ಬಲ ಮೇಲ್ದವಡೆಯ ಭಾಗ, ಮೂರು ಹಲ್ಲು, ಕಣ್ಣಗೂಡಿನ ಕೆಳಗಿನ ಸ್ವಲ್ಪ ಎಲುಬು. ಹಳೆಯ ಅಶ್ವದಳದ ನೆಲೆ ದೂರವಿಲ್ಲದ್ದರಿಂದ ಅವನು ಅದನ್ನು ದಂಡಿನ ಕುದುರೆಯೆಂದು ನಂಬಿ, ಆ ಕುದುರೆಯ ಕಥೆಯನ್ನು ಮನಸ್ಸಿನಲ್ಲಿ ಅರ್ಧ ಬರೆದೂ ಆಗಿತ್ತು. ಹಲ್ಲನ್ನು ಮೆದು ಬ್ರಷ್ಷಿನಿಂದ ಉಜ್ಜಿ ನೋಡಿದಾಗ ಜೋಡಿ ಅರ್ಧಚಂದ್ರಗಳು, ನಾಲಗೆಯ ಕಡೆಗೆ ಸಣ್ಣ ಕಂಬ. ಕುದುರೆಯ ಮಾತು ಅಲ್ಲಿಗೆ ಮುಗಿಯಿತು. ಅದು ದನ, ಇಲ್ಲವೆ ಎಮ್ಮೆ. ಹಿಂದಿನ ಅಂಚಿನಲ್ಲಿ ಎಲುಬು ಮುರಿದಿರದೆ ನೇರವಾಗಿ ಕತ್ತರಿಸಿತ್ತು, ಕತ್ತರಿಸಿದ ಮುಖದ ಮೇಲೆ ಒಂದರ ಪಕ್ಕ ಒಂದು ಸಮಾನಾಂತರ ಗೀರುಗಳಿದ್ದವು. ಇದು ಕತ್ತಿಯ ಪೆಟ್ಟಲ್ಲ, ಗರಗಸದ ಕೆಲಸ. ಎಂದರೆ ಆ ಪ್ರಾಣಿ ಹೊಲದಲ್ಲಿ ಸತ್ತು ಬಿದ್ದದ್ದಲ್ಲ, ಮಾಂಸದ ಕಟ್ಟೆಯ ಮೇಲೆ ತುಂಡಾದದ್ದು. ಇಷ್ಟನ್ನು ತುಣುಕು ನಿಸ್ಸಂದೇಹವಾಗಿ ಹೇಳಿತು. ಆ ಮಾಂಸವು ೧೮೬೦ರ ಗೋರಾ ಸಿಪಾಯಿಯ ತಟ್ಟೆಗೆ ಹೋಯಿತೋ, ೧೯೬೦ರ ಹೋಟೆಲಿಗೆ ಹೋಯಿತೋ ಎಂಬುದನ್ನು ಅದು ಹೇಳಲಿಲ್ಲ, ಹೇಳಲಾರದು. ಮಣ್ಣು ಪದರ ಕದಡಿ ರಾಶಿಯಾಗಿತ್ತು. ವಿದ್ಯಾರ್ಥಿಗೆ ನಿರಾಶೆಯಾದದ್ದು ಸಹಜ. ಆದರೆ ದಂಡಿನ ಚರಿತ್ರೆಯನ್ನು ಕುದುರೆ ಕತ್ತಿಗಳಿಂದ ಮಾತ್ರ ಬರೆಯುತ್ತ ಬಂದಿರುವ ನಮಗೆ, ಅದರ ಕಸಾಯಿಖಾನೆಯನ್ನೂ ಅಡುಗೆಮನೆಯನ್ನೂ ಕುರಿತು ಯೋಚಿಸುವಂತೆ ಮಾಡಿದ ಆ ತುಣುಕು ನಿಷ್ಪ್ರಯೋಜಕವೆನಿಸಲಿಲ್ಲ.

ಬಣ್ಣದಿಂದಲೂ ಸವೆತದಿಂದಲೂ ಪ್ರಾಚೀನತೆಯನ್ನು ಊಹಿಸುವುದು ಎಲ್ಲೆಲ್ಲಿಯೂ ಕಾಣುವ ದೋಷ. ಕೆರೆಯ ಹೂಳಿನಲ್ಲಿ ಬಿದ್ದ ಎಲುಬು ಕೆಲವೇ ವರ್ಷಗಳಲ್ಲಿ ಕಪ್ಪಾಗಬಲ್ಲುದು. ತೆರೆದ ಬಯಲಿನಲ್ಲಿ ಬಿದ್ದದ್ದು ಬಿಸಿಲಿಗೆ ಬೆಳ್ಳಗಾಗಿ, ಬಿರಿದು, ಚಕ್ಕೆಯೇಳುತ್ತದೆ. ಬೆಹ್ರೆನ್ಸ್‌ಮೇಯರ್ ಎಂಬ ವಿದುಷಿಯು ಕೀನ್ಯಾದ ಅಂಬೊಸೆಲಿ ಬಯಲಿನ ಎಲುಬುಗಳನ್ನು ಪರೀಕ್ಷಿಸಿ ೧೯೭೮ರಲ್ಲಿ ಈ ಸವೆತವನ್ನು ಆರು ಘಟ್ಟಗಳಾಗಿ ವಿಂಗಡಿಸಿದರು. ದೊಡ್ಡ ಪ್ರಾಣಿಯ ಎಲುಬು ಕೂಡ ಸುಮಾರು ಹದಿನೈದು ವರ್ಷಗಳೊಳಗೆ ಪುಡಿಯಾಗುವ ಘಟ್ಟವನ್ನು ಮುಟ್ಟಬಹುದೆಂಬುದು ಅದರಿಂದ ತಿಳಿದುಬಂತು. ಇಂಗಾಲದ ಪರೀಕ್ಷೆಯ ಮಾತನ್ನು ಎಲ್ಲರೂ ಎತ್ತುವರು. ಆ ಪರೀಕ್ಷೆಗೆ ಎಲುಬಿನಲ್ಲಿ ಕೊಲ್ಯಾಜನ್ ಎಂಬ ಅಂಟುದ್ರವ್ಯ ಉಳಿದಿರಬೇಕು. ನಮ್ಮ ಉಷ್ಣಹವೆಯಲ್ಲಿ, ನೀರಿಳಿಯುವ ಕೆಂಪು ಮಣ್ಣಿನಲ್ಲಿ ಅದು ಬೇಗ ನಾಶವಾಗುತ್ತದೆ. ಕೊನೆಗೆ ಉಳಿಯುವುದು ಪದರ ಮತ್ತು ಸಂಗಡಿಗ ವಸ್ತುಗಳ ಸಾಕ್ಷ್ಯವೇ. ಕೃಷ್ಣರಾಜಪುರದಿಂದ ಮುಂದೆ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ೧೯೫೭ರಲ್ಲಿ ಬೃಹತ್ ಶಿಲಾಸಮಾಧಿಗಳನ್ನು ಅಗೆಸಿದರು. ಅಂತಹ ಸಮಾಧಿಯೊಳಗೆ ಮಡಕೆಯ ಜೊತೆಗೆ ದೊರೆತ ಒಂದು ಹಲ್ಲಿಗೂ, ಅದೇ ಊರಿನ ಕೆರೆಯ ದಂಡೆಯ ಮೇಲೆ ಎತ್ತಿಕೊಂಡ ಹಲ್ಲಿಗೂ ಬೆಲೆಯಲ್ಲಿ ಅಜಗಜಾಂತರವುಂಟು.

ಪದರದ ಈ ಮಾತು ಎಷ್ಟು ದೂರ ಹೋಗಬಹುದೆಂಬುದನ್ನು ಕನ್ನಡನಾಡಿನ ಮತ್ತೊಂದು ಪ್ರಕರಣವು ತೋರಿಸುತ್ತದೆ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ಉತ್ಖನನ ನಡೆಸಿದರು; ವರದಿಯು ೧೯೭೧ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಅಲ್ಲಿಯ ಪ್ರಾಣಿಗಳ ಎಲುಬುಗಳನ್ನು ಪರೀಕ್ಷಿಸಿದವರು ಪಶುವೈದ್ಯರಾದ ಕೆ. ಆರ್. ಆಲೂರರು. ದನ, ಕುರಿಗಳ ನಡುವೆ ಕೆಲವನ್ನು ಅವರು ಕುದುರೆಯವೆಂದು ನಿರ್ಣಯಿಸಿದರು. ಆ ಪದರವಾದರೋ ನವಶಿಲಾಯುಗದ ಸಂಸ್ಕೃತಿಗೆ, ಕ್ರಿ.ಪೂ. ಎರಡನೆಯ ಸಹಸ್ರಮಾನಕ್ಕೆ ಸೇರಿದ್ದು. ಕುದುರೆಯು ಆರ್ಯರೊಡನೆ ವಾಯವ್ಯದಿಂದ ಭರತಖಂಡಕ್ಕೆ ಬಂದಿತೆಂಬ ಮತವು ಪ್ರಬಲವಾಗಿದ್ದುದರಿಂದ, ಅಷ್ಟು ಹಿಂದೆಯೇ ತುಂಗಭದ್ರೆಯ ದಡದಲ್ಲಿ ಅದು ಹೇಗೆ ಬಂತೆಂಬ ಪ್ರಶ್ನೆಯೆದ್ದಿತು. ಹಸು ಕುರಿಗಳನ್ನು ನೋಡುವ ಕಣ್ಣಿನಿಂದಲೇ ಎಲುಬನ್ನು ನೋಡಿ ಕಂಡದ್ದನ್ನು ಬರೆದ ಪಶುವೈದ್ಯರು, ತಾವು ಕರೆಯದಿದ್ದ ವಾದವೊಂದರ ನಡುವೆ ನಿಲ್ಲಬೇಕಾಯಿತು. ೧೯೯೨ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿಯೂ ಅವರು ತಮ್ಮ ನಿರ್ಣಯವನ್ನು ಬಿಟ್ಟುಕೊಡಲಿಲ್ಲ.

ಈ ವಾದದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಎಲುಬು ಕುದುರೆಯದೇ ಎಂಬುದು ಒಂದು. ಗುಜರಾತಿನ ಸುರ್ಕೋಟಡಾದ ಎಲುಬುಗಳ ವಿಷಯದಲ್ಲಿ ಚರ್ಚೆಯು ಮುಖ್ಯವಾಗಿ ಇದರ ಮೇಲೆಯೇ ನಡೆಯಿತು. ಹಂಗೆರಿಯ ಬೊಕೊನ್ಯಿ ಅವು ಸಾಕಿದ ಕುದುರೆಯವೆಂದರು. ಮೆಡೋ ಮತ್ತು ಪಟೇಲರು ೧೯೯೭ರಲ್ಲಿ ಅದನ್ನು ಒಪ್ಪಲಿಲ್ಲ. ಕಚ್ಛದ ರಣದಲ್ಲಿ ಇಂದಿಗೂ ಕಾಡುಕತ್ತೆ ಇರುವುದರಿಂದ ಆ ಸಂಶಯಕ್ಕೆ ಎಡೆಯುಂಟು. ಎಲುಬು ಆ ಪದರದ್ದೇ ಎಂಬುದು ಎರಡನೆಯ ಪ್ರಶ್ನೆ. ಹಳ್ಳೂರಿನಲ್ಲಿ ನವಶಿಲಾಯುಗದ ಪದರದ ಮೇಲೆ ಕಬ್ಬಿಣಯುಗದ ಜನ ವಾಸಿಸಿದ್ದಾರೆ. ಆ ಯುಗದವರಿಗೆ ಕುದುರೆ ಪರಿಚಿತವೇ ಆಗಿತ್ತು. ವಿದರ್ಭದ ಶಿಲಾಸಮಾಧಿಗಳಲ್ಲಿ ಕಡಿವಾಣಗಳೇ ದೊರೆತಿವೆ. ಮೇಲಿನವರು ತೋಡಿದ ಒಂದು ಗುಂಡಿ, ಹೆಗ್ಗಣದ ಒಂದು ಬಿಲ, ಇಷ್ಟು ಸಾಕು ಮೇಲಿನ ಎಲುಬು ಕೆಳಗಿಳಿಯಲು. ಪ್ರಾಣಿಯನ್ನು ಹೇಳುವವನು ಪಶುವೈದ್ಯ, ಪದರವನ್ನು ಹೇಳುವವನು ಉತ್ಖನಕಾರ. ಇವರಿಬ್ಬರ ಮಾತೂ ಒಪ್ಪಿಗೆಯಾಗುವವರೆಗೆ ಇತಿಹಾಸಕಾರನು ಜನಾಂಗಗಳ ವಲಸೆಯನ್ನು ಕುರಿತು ತೀರ್ಪು ಕೊಡುವುದು ಅವಸರವೆಂದೇ ನಮ್ಮ ಮತ. ಅನುಕೂಲವಾದಾಗ ಆಲೂರರ ನಿರ್ಣಯವನ್ನು ಹಿಡಿದು, ಅನನುಕೂಲವಾದಾಗ ಅದನ್ನು ತಳ್ಳಿಹಾಕುವ ಎರಡೂ ಪಕ್ಷಗಳ ರೀತಿ ಸಮಂಜಸವಲ್ಲ.

ಇನ್ನು ತುಣುಕು ಕಂಡವರು ಮಾಡಬೇಕಾದದ್ದು. ಎತ್ತುವ ಮೊದಲೇ ಅಳತೆಯ ಪಟ್ಟಿಯನ್ನೋ ಒಂದು ನಾಣ್ಯವನ್ನೋ ಪಕ್ಕಕ್ಕಿಟ್ಟು ಚಿತ್ರ ತೆಗೆಯಬೇಕು. ನೆಲದಿಂದ ಎಷ್ಟು ಆಳ, ಮಣ್ಣು ಅಗೆಯದ ನೆಲವೋ ಬೇರೆಡೆಯಿಂದ ತಂದು ಸುರಿದದ್ದೋ, ಜೊತೆಗೆ ಮಡಕೆಯ ಚೂರು, ಗಾಜು, ಪ್ಲಾಸ್ಟಿಕ್ ಏನಾದರೂ ಇದೆಯೋ ಎಂಬುದನ್ನು ಸ್ಥಳದಲ್ಲಿಯೇ ಬರೆದುಕೊಳ್ಳಬೇಕು. ಹೂಳಿನಿಂದ ತೆಗೆದ ಒದ್ದೆ ಎಲುಬನ್ನು ಬಿಸಿಲಿಗಿಟ್ಟರೆ ಬಿರಿಯುತ್ತದೆ, ನೆರಳಿನಲ್ಲಿ ನಿಧಾನವಾಗಿ ಆರಿಸಬೇಕು. ವಾರ್ನಿಷು, ಅಂಟು ಹಚ್ಚಬಾರದು. ಸಡಿಲವಾದ ಹಲ್ಲನ್ನು ಕೀಳದೆ, ಬಿದ್ದರೆ ಅದೇ ಪೊಟ್ಟಣದಲ್ಲಿಡಬೇಕು. ಜಿಂಕೆ, ಚಿರತೆ ಮೊದಲಾದ ಕಾಡುಪ್ರಾಣಿಯ ತಲೆಯೆಂದು ತೋರಿದರೆ ಮನೆಗೆ ಒಯ್ಯದೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು, ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಅಂತಹವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳಗೊಡದು. ಹೋಲಿಸಿ ನೋಡುವುದಕ್ಕೆ ಪುಸ್ತಕದ ಚಿತ್ರಗಳಿಗಿಂತ ನಿಜವಾದ ಕಪಾಲವೇ ಮೇಲು. ೧೯೫೮ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಗರದಲ್ಲಿಯೇ ಇದೆ. ಪಶುವಿನ ಅಂಗರಚನೆಯನ್ನು ಬಲ್ಲ ಅಧ್ಯಾಪಕರು ಅಲ್ಲಿ ದೊರೆಯುತ್ತಾರೆ. ಪುರಾತನ ಪದರದಿಂದ ಬಂದದ್ದೆಂಬುದಕ್ಕೆ ಆಧಾರವಿದ್ದರೆ ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಣ್ಯವಶೇಷ ತಜ್ಞರಿಗೆ ತೋರಿಸಬಹುದು. ಎಲ್ಲಿಗೆ ಒಯ್ದರೂ ಸ್ಥಳದಲ್ಲಿ ಬರೆದ ಟಿಪ್ಪಣಿಯ ಒಂದು ಪ್ರತಿಯನ್ನು ತುಣುಕಿನ ಜೊತೆಗೆ, ಅದೇ ಪೊಟ್ಟಣದಲ್ಲಿ ಇಟ್ಟಿರಬೇಕು.